ಮರಳ ದಿಬ್ಬಕ್ಕೆ ನೀರು ಏರಿದ ವಾರ

ನಾವು ಯಾವ ಆಮೆಗಾಗಿ ಅಷ್ಟೆಲ್ಲ ಒದ್ದಾಡಿದೆವೋ ಅದನ್ನು ನಾನು ಜೀವಂತವಾಗಿ ನೋಡಿದ್ದು ಒಂದೇ ಸಲ, ಅದೂ ಪೂರ್ತಿ ಅಲ್ಲ. ಪಾಣೆಮಂಗಳೂರಿನ ಸೇತುವೆಯಿಂದ ಸ್ವಲ್ಪ ಮೇಲಕ್ಕೆ, ನೇತ್ರಾವತಿ ಮಂದವಾಗಿ ಹರಿಯುವ ಕಡೆ, ನನ್ನ ಮಾಮನ ದೋಣಿಯಲ್ಲಿ ಕೂತಿದ್ದೆ. ನೀರಿನ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಏನೋ ಒಂದು ತುದಿ ಎದ್ದು ಬಂತು, ಉಸಿರೆಳೆದುಕೊಂಡಿತು, ಮುಳುಗಿತು. ಅದು ಅದರ ಮೂಗು ಎಂದರು ಮಾಮ. ಮತ್ತೆ ಏಳುತ್ತದೆಂದು ಬಿಸಿಲು ನೆತ್ತಿಗೆ ಬರುವವರೆಗೆ ಕಾದೆವು. ಏಳಲಿಲ್ಲ.

ಮೆತ್ತನೆ ಚಿಪ್ಪಿನ ಈ ದೊಡ್ಡ ಆಮೆ ಹೆಚ್ಚಿನ ಹೊತ್ತು ನದಿಯ ತಳದ ಮರಳಿನಲ್ಲಿ ಹೂತುಕೊಂಡೇ ಇರುತ್ತದೆ. ಉಸಿರಿಗೆಂದು ಮಾತ್ರ ಮೇಲೆ ಬರುತ್ತದೆ, ಮೊಟ್ಟೆ ಇಡಲು ಮಾತ್ರ ದಡ ಹತ್ತುತ್ತದೆ. ಹುಲಿಗೆ ಇರುವಷ್ಟೇ ರಕ್ಷಣೆ ಕಾನೂನಿನಲ್ಲಿ ಇದಕ್ಕೂ ಉಂಟು. ಆದರೆ ನದಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ನನಗೆ ಇಪ್ಪತ್ತು ದಾಟುವವರೆಗೆ ಇಂಥದ್ದೊಂದು ಪ್ರಾಣಿ ನಮ್ಮ ನೀರಿನಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಇಂಥ ಪ್ರಾಣಿಗಳನ್ನು ಕಂಡವರು ತಿಳಿಸಲೆಂದು ಆ್ಯಪ್ ಮಾಡಿದ್ದು ನಾವು ಮೂವರು. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದವರು. ಅಲ್ಲಿ ಎಲ್ಲರೂ ನಮ್ಮನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಮುಂಡಾಜೆಯವಳು ಕೋಡ್ ಬರೆಯುವವಳು, ಮಾತು ಕಡಿಮೆ, ಹಟ ಹೆಚ್ಚು. ಬೆಳುವಾಯಿಯವಳದ್ದು ಪರದೆಯ ಮೇಲೆ ಏನು ಎಲ್ಲಿ ಕಾಣಬೇಕು, ಯಾವುದನ್ನು ಒತ್ತಿದರೆ ಏನಾಗಬೇಕು ಎಂದು ರೂಪಿಸುವ ಕೆಲಸ. ಪಾಣೆಮಂಗಳೂರಿನ ನಾನು ಜನರನ್ನು ಮಾತಾಡಿಸುವವಳು, ಬಂದ ವರದಿಗಳನ್ನು ಪರಿಶೀಲಿಸಿ ಅರಣ್ಯ ಕಚೇರಿಗೆ ತಲುಪಿಸುವವಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಂಕ ಬಂದ ಮೇಲೂ ನಾವು ಅದನ್ನು ಕೈಬಿಡಲಿಲ್ಲ. ಮೂವರೂ ಬೇರೆ ಬೇರೆ ಕಡೆ ಕೆಲಸಕ್ಕೆ ಸೇರಿದ್ದೆವು, ಭಾನುವಾರಗಳನ್ನು ಮಾತ್ರ ಇದಕ್ಕೇ ಇಟ್ಟುಕೊಂಡಿದ್ದೆವು. ನೀರುನಾಯಿ, ಚಿಪ್ಪುಹಂದಿ, ಕಾಡುಪಾಪ, ನದಿಯ ಆಮೆ ಇಂಥವುಗಳನ್ನು ಕಂಡವರು ಫೋಟೊ ತೆಗೆದರೆ ಜಾಗದ ಸಮೇತ ನಮಗೆ ಬರಬೇಕು. ಇಷ್ಟೇ ಅದರ ಉದ್ದೇಶ.

ಮೊದಲ ಆವೃತ್ತಿ ಯಾರಿಗೂ ಬೇಡವಾಯಿತು. ಒಂದು ಪ್ರಾಣಿ ಕಂಡರೆ ತುಂಬಬೇಕಾದ ಖಾನೆಗಳು ಪರದೆ ತುಂಬ ಇದ್ದವು: ಜಾತಿ, ಸಂಖ್ಯೆ, ನಡವಳಿಕೆ, ಆವಾಸ. ದೋಣಿಯವರೂ ತೋಟಕ್ಕೆ ಹೋಗುವವರೂ ಎರಡನೆಯ ಖಾನೆಗೇ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬೆಳುವಾಯಿಯವಳು ಅದನ್ನೆಲ್ಲ ಕಿತ್ತುಹಾಕಿ ಚಿತ್ರಗಳನ್ನು ಇಟ್ಟಳು. ಪ್ರಾಣಿಯ ಚಿತ್ರ ಒತ್ತಬೇಕು, ಫೋಟೊ ತೆಗೆಯಬೇಕು, ಹೇಳುವುದೇನಾದರೂ ಇದ್ದರೆ ತಮ್ಮ ಭಾಷೆಯಲ್ಲೇ ಮಾತಾಡಬೇಕು, ಅಷ್ಟೆ. ಆಮೇಲೆ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಧ್ವನಿಗಳು ಬರತೊಡಗಿದವು. ಅವನ್ನು ಕೇಳಿ ಕನ್ನಡದಲ್ಲಿ ಬರೆದಿಡುವುದು ನನ್ನ ಪಾಲಿಗೆ ಬಂತು.

ಎರಡನೆಯ ತೊಂದರೆ ಜಾಗದ್ದು. ನದಿಯಲ್ಲಿ ಕಂಡ ನೀರುನಾಯಿಗಳೆಲ್ಲ ನಮ್ಮ ನಕ್ಷೆಯಲ್ಲಿ ಬಿ.ಸಿ.ರೋಡಿನ ಬಸ್ ನಿಲ್ದಾಣದ ಮೇಲೆ ಬಂದು ಕೂರುತ್ತಿದ್ದವು. ಆ್ಯಪ್ ತೆರೆದಾಗ ಫೋನು ಹೊಸದಾಗಿ ಉಪಗ್ರಹವನ್ನು ಹುಡುಕುವ ಬದಲು ತನಗೆ ಕೊನೆಯದಾಗಿ ಗೊತ್ತಿದ್ದ ಜಾಗವನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಜಾಗದ ಅಂದಾಜು ಸಾಕಷ್ಟು ನಿಖರವಾಗುವವರೆಗೆ ಕಳುಹಿಸುವ ಗುಂಡಿ ಕೆಲಸ ಮಾಡದ ಹಾಗೆ ಮುಂಡಾಜೆಯವಳು ಬದಲಿಸಿದಳು.

ಮೂರನೆಯದು ಸಿಗ್ನಲ್. ಮುಂಡಾಜೆಯಿಂದ ಚಾರ್ಮಾಡಿಯ ಕಡೆ ಹೋದರೆ ಫೋನು ಬರೀ ಗಡಿಯಾರ. ಆದ್ದರಿಂದ ವರದಿಯನ್ನು ಫೋನಿನಲ್ಲೇ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳುಹಿಸುವ ವ್ಯವಸ್ಥೆ ಮಾಡಿದೆವು. ಅಷ್ಟಾದರೂ ಸಮಾಧಾನವಿರಲಿಲ್ಲ. ವಿಡಿಯೊ ಕಳುಹಿಸಿದರೆ ಆ ದಿನದ ಡೇಟಾ ಎಲ್ಲ ಮುಗಿಯುತ್ತದೆ ಎಂದು ಜನ ಆ್ಯಪನ್ನೇ ತೆಗೆದುಹಾಕತೊಡಗಿದರು. ಹಾಗಾಗಿ ದೊಡ್ಡ ಫೈಲು ಇರುವ ವರದಿ ವೈಫೈ ಸಿಗುವವರೆಗೆ ಫೋನಿನಲ್ಲೇ ಕಾಯಲಿ ಎಂದು ತೀರ್ಮಾನಿಸಿದೆವು. ಬೆಳುವಾಯಿಯವಳ ಮನೆಯ ಜಗಲಿಯಲ್ಲಿ ಕೂತು, ಅವಳ ಅಮ್ಮ ಕೊಟ್ಟ ನೀರುದೋಸೆ ತಿನ್ನುತ್ತಾ, ಮೂವರೂ ಒಪ್ಪಿ ಮಾಡಿದ ಬದಲಾವಣೆ ಅದು. ನೀರುನಾಯಿಯ ಸುದ್ದಿ ನಾಲ್ಕು ದಿನ ತಡವಾಗಿ ಬಂದರೆ ಯಾರಿಗೇನು ನಷ್ಟ ಎಂಬುದು ನಮ್ಮ ಯೋಚನೆ. ಆಗ ಅದರಲ್ಲಿ ತಪ್ಪು ಯಾರಿಗೂ ಕಾಣಲಿಲ್ಲ.

ಆಮೆಯ ವಿಡಿಯೊ ಬಂದದ್ದು ಜನವರಿಯ ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುತ್ತಿದ್ದಾಗ. ಕಳುಹಿಸಿದವರು ನದಿಯ ಆಚೆ ದಡದಲ್ಲಿ ಹರಿವೆ, ಸೌತೆ, ಬಸಳೆ ಬೆಳೆದು ಪಾಣೆಮಂಗಳೂರಿನ ಅಂಗಡಿಗಳಿಗೆ ಕೊಡುವ ಒಬ್ಬ ಅಕ್ಕ. ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟವಳು ನಾನೇ. ಮಬ್ಬು ಬೆಳಕಿನಲ್ಲಿ ಮರಳ ದಿಬ್ಬ. ಅದರ ಮೇಲೆ ಹಾಸುಗಲ್ಲಿನ ಹಾಗೆ ಚಪ್ಪಟೆಯಾದ ಒಂದು ಪ್ರಾಣಿ ಹಿಂಗಾಲುಗಳಿಂದ ಮರಳು ಎಳೆದು ಎಳೆದು ಗುಂಡಿ ಮುಚ್ಚುತ್ತಿತ್ತು. ಮುಚ್ಚಿದ ಮೇಲೆ ಹಿಂದೆ ತಿರುಗಿ ನೋಡದೆ ಜಾರಿಕೊಂಡು ನೀರಿಗಿಳಿಯಿತು. ನಮ್ಮ ಪಟದಲ್ಲಿದ್ದ ಆಮೆ ಇದೇ ಅಲ್ಲವಾ ಎಂದು ಅಕ್ಕ ತುಳುವಿನಲ್ಲಿ ಪಿಸುಗುಟ್ಟಿದ್ದು ಕೊನೆಯಲ್ಲಿ ಕೇಳಿಸುತ್ತಿತ್ತು.

ನಾನು ಉಮ್ಮನನ್ನು ಕರೆದು ತೋರಿಸಿದೆ. ಗೆಳತಿಯರಿಬ್ಬರಿಗೂ ಫೋನ್ ಮಾಡಿ ಹೇಳಿದೆ. ಸಂಭ್ರಮದಲ್ಲಿ ವಿಡಿಯೊ ಇನ್ನೊಮ್ಮೆ ಹಾಕಿದಾಗ ಕೆಳಗಿದ್ದ ಎರಡು ದಿನಾಂಕಗಳು ಕಣ್ಣಿಗೆ ಬಿದ್ದವು. ವಿಡಿಯೊ ತೆಗೆದ ದಿನಕ್ಕೂ ನಮಗೆ ತಲುಪಿದ ದಿನಕ್ಕೂ ನಡುವೆ ಹೆಚ್ಚುಕಡಿಮೆ ಒಂದು ವಾರ. ಅಕ್ಕನ ಮನೆಯಲ್ಲಿ ವೈಫೈ ಎಲ್ಲಿಂದ ಬರಬೇಕು? ಮಗಳ ಮನೆಗೆ ಹೋದಾಗ ಅಲ್ಲಿಯ ವೈಫೈ ಸಿಕ್ಕಿ ಅದು ತಾನಾಗಿ ಹೊರಟುಬಂದಿತ್ತು.

ಒಂದು ವಾರ ಹೋದರೂ ಏನೂ ಆಗುತ್ತಿರಲಿಲ್ಲ, ಮೊಟ್ಟೆ ಒಡೆಯಲು ತಿಂಗಳುಗಳೇ ಬೇಕು. ಆದರೆ ಬೇಸಿಗೆಯ ಕುಡಿಯುವ ನೀರಿಗಾಗಿ ನದಿಯ ಕೆಳಗಡೆ ಇರುವ ಕಿಂಡಿ ಅಣೆಕಟ್ಟಿನ ಗೇಟುಗಳನ್ನು ಹಂತಹಂತವಾಗಿ ಹಾಕಲು ಶುರುಮಾಡಿದ್ದರು. ಗೇಟು ಪೂರ್ತಿ ಬಿದ್ದರೆ ಹಿಂದೆ ನೀರು ನಿಂತು ಆ ದಿಬ್ಬ ಮಳೆಗಾಲದ ತನಕ ನೀರಿನ ಅಡಿಯಲ್ಲಿ.

ಅಂದು ರಜೆ ಹಾಕಿ ಮಾಮನ ದೋಣಿಯಲ್ಲಿ ಆಚೆಗೆ ಹೋದೆ. ನಾಯಿ, ಹಂದಿ ಕೆದಕಬಾರದೆಂದು ಅಕ್ಕ ಗೂಡಿನ ಮೇಲೆ ಮುಳ್ಳಿನ ಕೊಂಬೆ ಹಾಕಿಟ್ಟಿದ್ದರು. ಅಲ್ಲಿಂದ ನೀರಿಗೆ ಆಗ ಒಂದು ಆಳುದ್ದದಷ್ಟು ಅಂತರ. ನೀರಿನ ಅಂಚಿಗೆ ಒಂದು ಕೋಲು ನೆಟ್ಟು ಬಂದೆ.

ವಲಯ ಅರಣ್ಯಾಧಿಕಾರಿ ನಮಗೆ ಪರಿಚಯದವರೇ, ನಮ್ಮ ವರದಿಗಳನ್ನು ಓದಿ ಉತ್ತರಿಸುತ್ತಿದ್ದ ಕೆಲವೇ ಜನರಲ್ಲಿ ಒಬ್ಬರು. ವಿಡಿಯೊ ನೋಡಿ ಅವರು ಕುರ್ಚಿಯಿಂದ ಎದ್ದುಬಿಟ್ಟರು. ಆದರೆ ಮೊಟ್ಟೆ ಸ್ಥಳಾಂತರಿಸುವ ಅಧಿಕಾರ ತನಗಿಲ್ಲ, ಅದು ಬೆಂಗಳೂರಿನಿಂದಲೇ ಬರಬೇಕು ಎಂದರು. ನನ್ನೆದುರೇ ಪತ್ರ ಕಳುಹಿಸಿದರು, ಮೇಲಿನವರಿಗೆ ಫೋನ್ ಮಾಡಿದರು, ಒಬ್ಬ ಗಾರ್ಡನ್ನು ದಿಬ್ಬಕ್ಕೆ ಅಟ್ಟಿದರು. ಹೊರಡುವಾಗ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದರು, "ಆರ್ಡರ್ ಬರುವವರೆಗೆ ನೀವು ಮಾತ್ರ ಮುಟ್ಟಬೇಡಿ. ಯಾರಾದರೂ ವಿಡಿಯೊ ಮಾಡಿ ಹಾಕಿದರೆ ನಿಮಗೇ ಕಷ್ಟ." ಹಾಗೆ ಹೇಳುವಾಗ ಅವರ ಕಣ್ಣು ಒಂದು ಗಳಿಗೆ ನನ್ನ ತಲೆವಸ್ತ್ರದ ಮೇಲಿತ್ತು. ಕೆಟ್ಟ ಮನಸ್ಸಿನಿಂದ ಅಲ್ಲ. ಈ ಊರಿನಲ್ಲಿ ಇರುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಇಲಾಖೆಯ ಎಂಜಿನಿಯರರನ್ನು ಮಾತಾಡಿಸಲು ಬೆಳುವಾಯಿಯವಳೂ ನಾನೂ ಹೋದೆವು. ಜಗಳಕ್ಕೆ ಸಿದ್ಧರಾಗಿ ಹೋಗಿದ್ದೆವು, ಜಗಳ ಆಗಲೇ ಇಲ್ಲ. ಅವರು ಕೂರಿಸಿ ಚಹಾ ತರಿಸಿದರು. ಕಳೆದ ಬೇಸಿಗೆಯಲ್ಲಿ ನದಿ ತಳ ಕಂಡದ್ದನ್ನು, ಟ್ಯಾಂಕರ್ ಹಿಂದೆ ಜನ ಓಡಿದ್ದನ್ನು ಹೇಳಿದರು.

"ನನಗೆ ಆಮೆ ಬೇಡ ಅಂತಲ್ಲ. ಆದರೆ ಮೇ ತಿಂಗಳಲ್ಲಿ ಕೊಡ ಹಿಡಿದು ನಿಂತವರ ಹತ್ತಿರ ನಾನು ಆಮೆಯ ವಿಷಯ ಹೇಳ್ಲಿಕ್ಕೆ ಆಗ್ತದಾ?"

ಮುಂದಿನ ಗೇಟುಗಳನ್ನು ಸ್ವಲ್ಪ ನಿಧಾನವಾಗಿ ಹಾಕಿಸುತ್ತೇನೆ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ ಎಂದರು. ಮಾತಿಗೆ ತಕ್ಕಂತೆ ನಿಧಾನವಾಗಿಯೇ ಹಾಕಿಸಿದರು ಕೂಡ.

ಮುಂಡಾಜೆಯವಳು ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೇ ಬಂದುಬಿಟ್ಟಳು. ಕೇರಳದಲ್ಲಿ ನದಿಯ ಆಮೆಗಳ ಬಗ್ಗೆ ಕೆಲಸ ಮಾಡುವ ಒಬ್ಬ ಸಂಶೋಧಕಿಯ ನಂಬರು ಹುಡುಕಿದ್ದು ಅವಳೇ. ಆಕೆಯ ಮಲಯಾಳ ನನ್ನ ಮನೆಮಾತಾದ ಬ್ಯಾರಿಗೆ ಹತ್ತಿರ, ಹಾಗಾಗಿ ಮಾತು ನನ್ನ ಪಾಲಿಗೆ ಬಂತು. ಆಕೆ ಹೇಳಿದ ಒಂದೊಂದನ್ನೂ ನಾವು ಬಾಯಿಪಾಠ ಮಾಡಿಕೊಂಡೆವು. ಮೊಟ್ಟೆ ಇಟ್ಟ ಮೊದಲ ದಿನ ದಾಟಿದ ಮೇಲೆ ಒಳಗಿನ ಜೀವ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ. ಆಮೇಲೆ ಅದನ್ನು ತಿರುಗಿಸಬಾರದು. ತೆಗೆಯುವ ಮೊದಲು ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು, ಗುರುತು ಮೇಲೆ ಇರುವಂತೆಯೇ ಎತ್ತಬೇಕು, ಹಾಗೆಯೇ ಇಳಿಸಬೇಕು. ಅದೇ ಗೂಡಿನ ತೇವದ ಮರಳನ್ನೇ ಹಾಕಬೇಕು, ಅಷ್ಟೇ ಆಳದ ಗುಂಡಿ ಇರಬೇಕು. ನೀರು ತಾಗಿದರೆ ಏನಾಗುತ್ತದೆ ಎಂದು ಕೇಳಿದೆ. ಮೊಟ್ಟೆಯೂ ಉಸಿರಾಡುತ್ತದೆ, ಮರಳಿನ ಸಂದಿಯಲ್ಲಿ ಗಾಳಿಯ ಬದಲು ನೀರು ತುಂಬಿದರೆ ಅದು ಸಾಯಲು ಒಂದು ದಿನವೂ ಬೇಡ ಎಂದರು.

ಮಾಮ ತನ್ನ ಪರಿಚಯದ ಮೀನಿನಂಗಡಿಯಿಂದ ಥರ್ಮಾಕೋಲ್ ಪೆಟ್ಟಿಗೆಗಳನ್ನು ತಂದರು. ಉಮ್ಮ ಅವನ್ನು ವಾಸನೆ ಹೋಗುವ ತನಕ ತೊಳೆದು ಬಿಸಿಲಿಗಿಟ್ಟರು. ಅಕ್ಕ ತನ್ನ ಬಸಳೆ ಚಪ್ಪರದ ಪಕ್ಕ, ನೀರು ಎಂದೂ ಏರದ ಕಡೆ, ಜಾಗ ಬಿಡಿಸಿ ಕೊಟ್ಟರು. ಎಲ್ಲ ಸಿದ್ಧವಿತ್ತು. ಆರ್ಡರ್ ಬಂದಿರಲಿಲ್ಲ.

ನೀರು ನನ್ನ ಕೋಲನ್ನು ದಾಟಿ, ಆಮೇಲೆ ಗೂಡಿಗೆ ಹತ್ತಿರವಾಗಿ ನೆಟ್ಟ ಎರಡನೆಯ ಕೋಲನ್ನೂ ಮುಟ್ಟಿತು. ಆ ಸಂಜೆ ದಿಬ್ಬದ ಮೇಲೆ ನಾವು ಮೂವರೂ ಇದ್ದೆವು, ಗಾರ್ಡ್ ಸ್ವಲ್ಪ ದೂರದಲ್ಲಿ ಯಾರೊಂದಿಗೋ ಫೋನಿನಲ್ಲಿದ್ದ. ಮುಂಡಾಜೆಯವಳು ಮುಳ್ಳಿನ ಕೊಂಬೆ ಎತ್ತಿ ಪಕ್ಕಕ್ಕೆ ಹಾಕಿದಳು.

"ಈಗ ತೆಗೆಯುವ. ನೀರು ಆರ್ಡರ್ ಕೇಳಿ ಬರ್ತದಾ?"

ನಾಳೆ ಮಧ್ಯಾಹ್ನದೊಳಗೆ ಮೇಲಿನಿಂದ ಬಾಯಿಮಾತಿನ ಅನುಮತಿಯನ್ನಾದರೂ ತರಿಸುತ್ತೇನೆ ಎಂದು ಅಧಿಕಾರಿ ಹೇಳಿದ್ದರು. ಈಗಿನ ಲೆಕ್ಕದಲ್ಲಿ ನೀರು ಗೂಡು ಮುಟ್ಟಲು ಇನ್ನೂ ಸಮಯವಿತ್ತು. ಕಾಯುವ ಎಂದೆ. ಅವಳು ಕೇಳಲಿಲ್ಲ, ಮೊಣಕಾಲೂರಿ ಮರಳು ಸರಿಸಲು ಹೊರಟಳು. ಸೇತುವೆಯ ಕಡೆ ಕೈ ತೋರಿಸಿದೆ. ಅಲ್ಲಿ ಯಾವಾಗಲೂ ಇರುವ ಹಾಗೆ ಐದಾರು ಜನ ಬಾಗಿ ನೋಡುತ್ತಿದ್ದರು. ಒಬ್ಬನ ಕೈಯಲ್ಲಿ ಫೋನು ಎತ್ತಿ ಹಿಡಿದದ್ದು ಕಾಣುತ್ತಿತ್ತು.

"ನೀನು ತೋಡಿದರೆ ಆಮೆ ಉಳಿಸಿದ ಹುಡುಗಿ. ನಾನು ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ನಿಂತರೆ ಎಂತ ಬರೀತಾರೆ, ಯೋಚನೆ ಮಾಡು ಮಾರಾಯ್ತಿ."

ಹಾಸ್ಟೆಲಿನ ಅಷ್ಟು ವರ್ಷಗಳಲ್ಲಿ ನಮ್ಮ ನಡುವೆ ಇಂಥ ಮಾತು ಬಂದದ್ದಿಲ್ಲ. ಅವಳು ಕೈ ನಿಲ್ಲಿಸಿದಳು. ನೀನು ಮನೆಗೆ ಹೋಗು, ನಾವಿಬ್ಬರೇ ತೆಗೆಯುತ್ತೇವೆ ಎಂದಳು. ದೋಣಿ ಮಾಮನದ್ದು, ತೋಟ ಅಕ್ಕನದ್ದು, ಕಾಯುವವನು ಗಾರ್ಡ್, ಕೇಸಾದರೆ ಎಲ್ಲರ ಮೇಲೂ ಆಗುತ್ತದೆ, ಯಾರನ್ನೆಲ್ಲ ಮನೆಗೆ ಕಳುಹಿಸುತ್ತಿ ಎಂದು ಬೆಳುವಾಯಿಯವಳು ಕೇಳಿದಳು. ಅವಳು ಆ ವಾರವಿಡೀ ಯಾರ ಪರವಾಗಿಯೂ ಮಾತಾಡಿರಲಿಲ್ಲ. ಮುಂಡಾಜೆಯವಳು ಕೊಂಬೆಯನ್ನು ಮತ್ತೆ ಗೂಡಿನ ಮೇಲೆ ಎಳೆದು, ನಮ್ಮನ್ನು ನೋಡದೆ ದೋಣಿ ಹತ್ತಿದಳು.

ಆ ತೀರ್ಮಾನ ತಪ್ಪೆಂದು ನಾನು ಈಗಲೂ ಹೇಳಲಾರೆ. ಸರಿ ಎಂದೂ ಹೇಳಲಾರೆ.

ಮರುದಿನ ಬೆಳಕು ಹರಿಯುವ ಹೊತ್ತಿಗೇ ಅಕ್ಕನ ಫೋನ್ ಬಂತು. ಘಟ್ಟದ ಕಡೆ ಅಕಾಲದಲ್ಲಿ ಒಂದು ಜೋರು ಮಳೆಯಾಗಿತ್ತು. ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಅರ್ಧ ಮುಚ್ಚಿದ್ದ ಗೇಟುಗಳ ಹಿಂದೆ ಆ ನೀರೆಲ್ಲ ನಿಂತು ದಿಬ್ಬ ಹತ್ತಿತ್ತು. ನಮ್ಮ ಲೆಕ್ಕದಲ್ಲಿ ಮಳೆ ಇರಲೇ ಇಲ್ಲ. ಜನವರಿಯಲ್ಲಿ ಯಾರು ಮಳೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ?

ದೋಣಿಯಲ್ಲಿ ಹೋಗುವಾಗಲೇ ಅಧಿಕಾರಿಗೆ ಫೋನ್ ಮಾಡಿದೆ. ನಾವು ತಲುಪಿ ಸ್ವಲ್ಪ ಹೊತ್ತಿಗೆ ಅವರೂ ಬಂದರು. ಸಮವಸ್ತ್ರ ಹಾಕಿಕೊಂಡೇ ಬಂದಿದ್ದರು. ಟೊಪ್ಪಿ ಸಹ ಇತ್ತು. ಪ್ಯಾಂಟು ಮೊಣಕಾಲಿನವರೆಗೆ ನೆನೆಯುವಷ್ಟು ನೀರಿನಲ್ಲಿ ನಡೆದುಬಂದು, ಸೇತುವೆಯಿಂದ ನೋಡುವವರಿಗೆ ಕಾಣುವ ಹಾಗೆ ಗೂಡಿನ ಪಕ್ಕದಲ್ಲಿ ನಿಂತರು. ಆರ್ಡರ್ ಬಂತಾ ಸರ್ ಎಂದು ಕೇಳಿದೆ.

"ಬರ್ತದೆ. ನೀವು ತೆಗೀರಿ, ನಾನು ಇಲ್ಲೇ ನಿಲ್ತೇನೆ. ಕೇಳುವವರು ನನ್ನನ್ನು ಕೇಳಲಿ."

ನೀರು ಗೂಡಿನ ಹತ್ತಿರಕ್ಕೆ ಬಂದಿದ್ದರೂ ಮೇಲಿನ ಮರಳು ಒಣಗಿಯೇ ಇತ್ತು. ಮುಂಡಾಜೆಯವಳು ಅಂಗೈಯಿಂದ ಸರಿಸುತ್ತಾ ಹೋದಳು, ನಾನು ಅವಳ ಎದುರು ಕೂತೆ. ಮೊಣಕೈ ಆಳಕ್ಕೆ ಮೊದಲ ಮೊಟ್ಟೆ ಸಿಕ್ಕಿತು, ಬಿಳಿ, ಪಿಂಗ್‌ಪಾಂಗ್ ಚೆಂಡಿನಷ್ಟು ದುಂಡಗೆ. ಪೆನ್ಸಿಲ್ ಗುರುತು ಹಾಕಿದೆ. ಅವಳು ಎರಡು ಬೆರಳಿನಲ್ಲಿ ಎತ್ತಿದಳು, ಬೆಳುವಾಯಿಯವಳು ಪೆಟ್ಟಿಗೆಯ ಮರಳಿನಲ್ಲಿ ಅದು ಕೂರುವಷ್ಟು ಕುಳಿ ಮಾಡಿ ಇಳಿಸಿಕೊಂಡಳು. ಮೇಲಿನ ಸಾಲು ಹಾಗೆ ಬಂತು. ಅದರ ಕೆಳಗಿನ ಸಾಲಿಗೆ ಕೈ ಹಾಕಿದಾಗ ಬೆರಳಿಗೆ ತಂಪು ತಾಗಿತು. ನೀರು ಪಕ್ಕದಿಂದ ಬಂದಿರಲಿಲ್ಲ, ಮರಳಿನೊಳಗಿಂದಲೇ ಗೂಡಿನ ಅಡಿಗೆ ಏರಿತ್ತು. ನಾವು ದಿನವೂ ಅಳೆದದ್ದು ದಿಬ್ಬದ ಮೇಲಿನ ನೀರನ್ನು. ಒಳಗೆ ಅದು ನಿನ್ನೆಯೇ ಬಂದಿರಬಹುದು, ಮೊನ್ನೆಯೇ ಬಂದಿರಬಹುದು.

ಕೆಳಗಿನ ಮೊಟ್ಟೆಗಳು ಕೆಸರಿನಂಥ ಮರಳಿನಲ್ಲಿ ಮುಳುಗಿದ್ದವು. ಯಾವುದು ನೆತ್ತಿ ಎಂದು ಗುರುತು ಹಾಕಲು ಪೆನ್ಸಿಲ್ ಹಿಡಿಯಲಿಲ್ಲ. ಒದ್ದೆ ಚಿಪ್ಪಿನ ಮೇಲೆ ಜಾರುತ್ತಿತ್ತು. ಅಂದಾಜಿನಲ್ಲಿ ಎತ್ತಿದೆವು. ಸೇತುವೆಯಿಂದ ಒಬ್ಬ ಏನು ಸರ್ ಅದು ಎಂದು ಕೂಗಿದ. ಅಧಿಕಾರಿ ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು.

ಬಾಯಿಮಾತಿನ ಅನುಮತಿ ಅವರು ಹೇಳಿದಂತೆ ಅಂದು ಮಧ್ಯಾಹ್ನವೇ ಬಂತು. ಅಷ್ಟರಲ್ಲಿ ಮೊಟ್ಟೆಗಳು ಬಸಳೆ ಚಪ್ಪರದ ಪಕ್ಕದ ಗುಂಡಿಯಲ್ಲಿದ್ದವು, ದಿಬ್ಬ ಕಾಣಿಸುತ್ತಿರಲಿಲ್ಲ.

ಆಮೇಲಿನದ್ದು ಕಾಯುವ ಕೆಲಸ. ಮುಂಡಾಜೆಯವಳು ಗುಂಡಿಯೊಳಗೆ ಉಷ್ಣತೆ ಅಳೆಯುವ ಸಣ್ಣ ಸಾಧನವೊಂದನ್ನು ಹುಗಿದು ಅದರ ಅಂಕಿಗಳು ನಮ್ಮ ಆ್ಯಪಿಗೆ ಬರುವ ಹಾಗೆ ಮಾಡಿದಳು. ಬಿಸಿಲು ಜೋರಾದಾಗ ಅಕ್ಕ ಗೋಣಿ ಹಾಸುತ್ತಿದ್ದರು, ತಂಪಾದಾಗ ತೆಗೆಯುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ನೋಡಲು ಏನೂ ಇರಲಿಲ್ಲ, ಬಲೆ ಹೊದೆಸಿದ ಒಂದು ಚೌಕ ಮರಳು. ಆದರೂ ಅದರ ಪಕ್ಕ ಕೂತು ಬರುತ್ತಿದ್ದೆ.

ಮುಂಡಾಜೆಯವಳು ಊರಿಗೆ ಹೋದ ಮೇಲೆ ನಮ್ಮ ಫೋನ್ ಎತ್ತುವುದನ್ನು ಕಡಿಮೆ ಮಾಡಿದಳು. ಒಂದು ದಿನ ಕೋಡಿನಲ್ಲಿ ಅವಳು ಮಾಡಿದ ಬದಲಾವಣೆ ಕಣ್ಣಿಗೆ ಬಿತ್ತು. ವೈಫೈಗಾಗಿ ಕಾಯುವ ಸಾಲುಗಳನ್ನೆಲ್ಲ ಅಳಿಸಿದ್ದಳು. ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ, ಇದು ನಾನು ಬರೆದದ್ದು ಎಂದಷ್ಟೇ ಇತ್ತು. ಬೆಳುವಾಯಿಯವಳೂ ನಾನೂ ಬೆಳ್ತಂಗಡಿಯ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದು ಅವಳ ಮನೆಗೆ ಹೋದೆವು. ಜಗಲಿಯಲ್ಲಿ ಕೂತು ಒಪ್ಪಿದವರು ಮೂವರು ಎಂದು ನೆನಪಿಸಿದೆವು. ದಿಬ್ಬದ ಮೇಲೆ ತಡೆದವಳು ನಾನು, ಮಳೆ ಸುರಿಸಿದವರು ನಾವ್ಯಾರೂ ಅಲ್ಲ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು, ಊಟ ಬಡಿಸಿದಳು, ಬಸ್ಸಿನವರೆಗೆ ಬಂದಳು. ನಮ್ಮ ಮಾತು ಅವಳ ಒಳಗೆ ಹೋಯಿತೆಂದು ನನಗನಿಸಲಿಲ್ಲ.

ಮೊಟ್ಟೆ ಒಡೆಯಬೇಕಾದ ಸಮಯ ಬಂತು, ಹೋಯಿತು. ಸಂಶೋಧಕಿ ಇನ್ನಷ್ಟು ಕಾಯಲು ಹೇಳಿದರು. ಕಾದೆವು. ಕೊನೆಗೆ ಆಕೆಯೇ ತೆರೆದು ನೋಡಿ ಎಂದರು.

ಅಧಿಕಾರಿಯ ಎದುರಿಗೇ ತೆರೆದೆವು. ಕೆಳಗಿನವು ಆರಂಭದಲ್ಲೇ ಕೊಳೆತಿದ್ದವು. ಮೇಲಿನ ಸಾಲಿನವುಗಳಲ್ಲಿ ಕೆಲವು ಬೆಳೆಯತೊಡಗಿ ನಡುವೆ ನಿಂತಿದ್ದವು. ಒಂದರಲ್ಲಿ ಮಾತ್ರ ಮರಿ ಪೂರ್ತಿಯಾಗಿತ್ತು. ಚಿಪ್ಪು, ಕಣ್ಣು, ಜಾಲಪಾದದ ತುದಿಯಲ್ಲಿ ಉಗುರು, ಎಲ್ಲ ಮೂಡಿ, ಹೊರಗೆ ಬರಲಾಗದೆ ಸತ್ತಿತ್ತು. ಬೆಳುವಾಯಿಯವಳು ಎದ್ದು ಚಪ್ಪರದ ಆಚೆ ಹೋಗಿ ನಿಂತಳು. ಮುಂಡಾಜೆಯವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಫೋಟೊಗಳನ್ನು ನೋಡಿದ ಸಂಶೋಧಕಿ, ನೀರಿನಿಂದಲೋ ಎತ್ತಿ ಇಡುವಾಗಲೋ ಬೇಸಿಗೆಯ ಸೆಕೆಯಿಂದಲೋ ಹೇಳಲು ಬಾರದು ಎಂದರು. ಯಾವುದಾದರೂ ಒಂದು ಕಾರಣ ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಬದುಕಬಹುದಿತ್ತು.

ಮಾದರಿಗೆಂದು ಇಲಾಖೆ ತೆಗೆದುಕೊಂಡದ್ದು ಬಿಟ್ಟು ಉಳಿದವನ್ನು ಅಕ್ಕ ಅದೇ ಗುಂಡಿಯಲ್ಲಿ ಮುಚ್ಚಿದರು. ಆ ಜಾಗದಲ್ಲಿ ಆ ವರ್ಷ ಏನೂ ನೆಡಲಿಲ್ಲ.

ಆ್ಯಪಿನಲ್ಲಿ ಆ ವರದಿ ಇನ್ನೂ ತೆರೆದೇ ಇತ್ತು. ಮುಗಿಸಲು ಹೋದರೆ ನಾವೇ ಇಟ್ಟ ಆಯ್ಕೆಗಳು ಮೂರು: ಖಚಿತವಾಯಿತು, ತಪ್ಪು ಗುರುತು, ಸತ್ತಿತ್ತು. ಅದು ಯಾವುದೂ ಆಗಿರಲಿಲ್ಲ. ಬೆಳುವಾಯಿಯವಳು ನಾಲ್ಕನೆಯದೊಂದನ್ನು ಸೇರಿಸಿದಳು: ಉಳಿಸಲಾಗಲಿಲ್ಲ. ಅದನ್ನು ಒತ್ತುವುದು ನನ್ನ ಕೆಲಸವಾಗಿತ್ತು, ಒತ್ತಿದೆ.

ಮಳೆಗಾಲದಲ್ಲಿ ಮೂವರೂ ಮೂಡುಬಿದಿರೆಯಲ್ಲಿ ಸೇರಿದೆವು. ಆ್ಯಪನ್ನು ಮುಚ್ಚಿಬಿಡುವ ಎಂದು ನಾನೇ ಮೊದಲು ಹೇಳಿದೆ. ಮುಚ್ಚುವುದು ಬೇಡ, ಸಣ್ಣದು ಮಾಡುವ ಎಂದಳು ಮುಂಡಾಜೆಯವಳು. ತಿಂಗಳುಗಳ ನಂತರ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಎಲ್ಲ ಪ್ರಾಣಿಗಳ ಚಿತ್ರಗಳನ್ನೂ ತೆಗೆದೆವು, ನಕ್ಷೆಯನ್ನೂ ತೆಗೆದೆವು. ಉಳಿದದ್ದು ಒಂದೇ ಒಂದು ದೊಡ್ಡ ಗುಂಡಿ, ಗೂಡು ಕಂಡರೆ ಒತ್ತಲು. ಫೋಟೊ ಬೇಡ, ಇಂಟರ್ನೆಟ್ ಬೇಡ. ಒತ್ತಿದರೆ ಅದು ಸಾಧಾರಣ ಸಂದೇಶವಾಗಿ ಹೋಗುತ್ತದೆ, ನಮ್ಮ ಮೂವರ ಫೋನು, ಅಧಿಕಾರಿಯ ಫೋನು ಒಟ್ಟಿಗೆ ಬೆಲ್ ಹೊಡೆಯುತ್ತವೆ. ಎಲ್ಲರಿಗೂ ಕೊಡಲಿಲ್ಲ, ನದಿಯ ದಡದಲ್ಲೇ ದಿನ ಕಳೆಯುವ ಕೆಲವರಿಗೆ ಮಾತ್ರ ಕೊಟ್ಟೆವು. ಗೂಡು ಕಂಡ ದಿನವೇ ಎತ್ತಬಹುದೆಂಬ ಅನುಮತಿಯನ್ನು ಅಧಿಕಾರಿ ಓಡಾಡಿ ಮೊದಲೇ ತರಿಸಿಟ್ಟರು. ದಿಬ್ಬಗಳನ್ನು ನೋಡಿ ನಾವು ಹೇಳಿದ ಮೇಲೆಯೇ ಗೇಟು ಎಂದು ಎಂಜಿನಿಯರರೂ ಒಪ್ಪಿದರು. ಕಳೆದ ಸಲ ಇಲ್ಲದ್ದೆಲ್ಲ ಈ ಸಲ ಇತ್ತು.

ನೀರು ಇಳಿದು ದಿಬ್ಬ ಮತ್ತೆ ಮೇಲೆದ್ದಿತು. ಡಿಸೆಂಬರ್ ಕಳೆಯಿತು. ಅಕ್ಕ ಪ್ರತಿದಿನ ಬೆಳಿಗ್ಗೆ ಒಂದು ಸುತ್ತು ಹೋಗಿ ಬರುತ್ತಿದ್ದರು. ಮಾಮ ನೀರಿನ ಮೇಲೆ ಕಣ್ಣಿಟ್ಟಿದ್ದರು. ಏನೂ ಕಾಣಲಿಲ್ಲ.

ಜನವರಿಯ ಒಂದು ಮುಂಜಾನೆ ಫೋನು ಆ ಬೆಲ್ ಹೊಡೆಯಿತು. ನಾನು ಬಾಗಿಲಿನಲ್ಲಿ ಚಪ್ಪಲಿ ಹುಡುಕುತ್ತಿದ್ದಂತೆ ಅಧಿಕಾರಿಯ ಕರೆ ಬಂತು, ಗಾರ್ಡನ್ನು ಕಳುಹಿಸಿದೆ ಎಂದರು. ಬೆಳುವಾಯಿಯವಳು ಬಸ್ಸಿನಲ್ಲಿ ಕೂತಾಯಿತು ಎಂದಳು. ಮುಂಡಾಜೆಯವಳು ಫೋನೇ ಎತ್ತಲಿಲ್ಲ. ಸ್ಕೂಟರ್ ಹತ್ತಿದ್ದಾಳೆಂದು ಅವಳ ಅಮ್ಮ ಹೇಳಿದರು. ಕೊನೆಗೆ ಅಕ್ಕ ಸಿಕ್ಕಿದರು.

"ಇಲ್ಲ ಮಗಾ, ಎಂತದೂ ಬರ್ಲಿಲ್ಲ. ಬೆಲ್ ಸರಿ ಉಂಟಾ ಅಂತ ಒತ್ತಿ ನೋಡಿದೆ. ಹೋಗ್ತದಲ್ಲ?"

"ಹೋಗ್ತದೆ ಅಕ್ಕ" ಎಂದೆ.

ಗೆಳತಿಯರಿಬ್ಬರೂ ವಿಷಯ ತಿಳಿಯುವಷ್ಟರಲ್ಲಿ ಬಂಟ್ವಾಳ ಮುಟ್ಟಿದ್ದರು. ಬಂದದ್ದು ಬಂದಾಯಿತು, ದಿಬ್ಬ ನೋಡಿ ಹೋಗುವ ಎಂದಳು ಮುಂಡಾಜೆಯವಳು. ಮಾಮ ದಾಟಿಸಿದರು. ಮೂವರೂ ಸಾಲಾಗಿ, ಒಬ್ಬರಿಂದೊಬ್ಬರು ಸ್ವಲ್ಪ ದೂರ ಬಿಟ್ಟು, ಇಡೀ ಮರಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆವು. ಆಮೇಲೆ ಮೇಲಿನ ದಿಬ್ಬ, ಅದರ ಮೇಲಿನದ್ದು. ನಾಯಿಯ ಹೆಜ್ಜೆ ಇತ್ತು, ಕೊಕ್ಕರೆಯ ಹೆಜ್ಜೆ ಇತ್ತು, ಅಕ್ಕ ದಿನವೂ ನಡೆದ ಚಪ್ಪಲಿಯ ಗುರುತು ಇತ್ತು.

ಎಂಜಿನಿಯರರು ಆ ವಾರ ಎರಡು ಸಲ ವಿಚಾರಿಸಿದ್ದರು. ಇನ್ನು ಕಾಯಲು ಅವರಿಗೂ ಆಗುತ್ತಿರಲಿಲ್ಲ. ದಡಕ್ಕೆ ಬಂದು ಅವರಿಗೆ ಫೋನ್ ಮಾಡಿ, ಗೂಡು ಇಲ್ಲ, ಗೇಟು ಹಾಕಬಹುದು ಎಂದು ಹೇಳಿದವಳು ನಾನೇ.